ಪಂಕ್ತಿಯಲ್ಲಿ ಕೂರಿಸಿ ನೋಡಿದವರು

ನಮ್ಮ ಸರ್ ಅವರ ಎಡಹುಬ್ಬು ಯಾವಾಗಲೂ ಬಲಹುಬ್ಬಿಗಿಂತ ಒಂದಿಷ್ಟು ಮೇಲೇ ಇರುತ್ತಿತ್ತು. ಚಹಾ ಬಂದರೆ ಮೂಸಿ ನೋಡುವರು, ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುವರು. ಸಂಶಿ ಸಂತೆಯಲ್ಲಿ ಅವರನ್ನು ಕಂಡೊಡನೆ ಬದನೆಕಾಯಿ ಮಾರುವ ಅಜ್ಜಿ, "ಸರ್ ಬಂದ್ರು, ತಳದಾಗಿನ್ವು ಮ್ಯಾಲೆ ಹಾಕ್ರಿ" ಎಂದು ನಗುತ್ತಿದ್ದಳು.

ಹುಬ್ಬಳ್ಳಿಯ ಕಾಲೇಜಿನಲ್ಲಿ ಅವರು ನನ್ನ ಪಿಎಚ್.ಡಿ. ಮಾರ್ಗದರ್ಶಕರು. ಹತ್ತಿಕಟ್ಟಿಗೆಯ ಇದ್ದಿಲಿನಿಂದ ಗೋಬರ್ ಗ್ಯಾಸ್ ಶುದ್ಧ ಮಾಡುವುದು ನನ್ನ ಕೆಲಸ. ಇದ್ದಿಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಇಂಗಾಲದ ಡೈಆಕ್ಸೈಡ್ ಹೋಗಿ ಕೂತರೆ ಒಲೆ ಚೆನ್ನಾಗಿ ಉರಿಯುತ್ತದೆ. ಮೀಥೇನ್, ಡೈಆಕ್ಸೈಡ್, ನೀರಾವಿ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಅಳೆದಿದ್ದೆ. ಮೂರೂ ಕೂಡಿದಾಗ ಯಾವುದು ಎಷ್ಟು ಕೂರುತ್ತದೆಂದು ಥರ್ಮೋಡೈನಮಿಕ್ಸ್‌ನ ಸೂತ್ರದಿಂದ ಲೆಕ್ಕ ಹಾಕಿ ಪ್ರಬಂಧವನ್ನೂ ಬರೆದು ಮುಗಿಸಿದ್ದೆ. ಸರ್ ಸಹಿ ಹಾಕಲಿಲ್ಲ.

"ಒಬ್ಬೊಬ್ಬರನ್ನ ಕುಂದರಿಸಿ ಉಣ್ಣಿಸೀದಿ. ಪಂಕ್ತಿಯಾಗ ಕುಂದರಿಸಿ ನೋಡೀಯೇನು?"

"ಸೂತ್ರ ಹೇಳತೈತ್ರಿ ಸರ್."

"ಸೂತ್ರ ಪಂಕ್ತಿಯಾಗ ಕುಂತಿಲ್ಲಲೇ."

ನನಗೆ ಅವರ ಮೇಲೇ ಅನುಮಾನ ಬಂತು. ಶಿಷ್ಯ ಡಾಕ್ಟರ್ ಆಗುವುದು ಇವರಿಗೆ ಬೇಕಿಲ್ಲ ಎಂದುಕೊಂಡೆ. ಸಿಟ್ಟಿನಿಂದಲೇ ಅವರನ್ನು ಕುಬಿಹಾಳದ ನಮ್ಮ ಮನೆಯ ಹಿತ್ತಲಿಗೆ ಕರೆದುಕೊಂಡು ಹೋಗಿ, ಗ್ಯಾಸಿನ ಪೈಪಿಗೆ ಇದ್ದಿಲಿನ ಕೊಳವೆ ಜೋಡಿಸಿದೆ. ಅವ್ವ ಒಲೆ ಹಚ್ಚಿದಳು. ಉರಿ ನೀಲಿಯಾಗಿ ಎದ್ದಿತು. ನಾನು ಬೀಗುತ್ತ ಸರ್ ಮುಖ ನೋಡಿದೆ, ಹುಬ್ಬು ಇಳಿದಿರಲಿಲ್ಲ. ಸೂತ್ರ ಹೇಳಿದ್ದಕ್ಕಿಂತ ಬಹಳ ಮೊದಲೇ ಉರಿ ಸಪ್ಪಗಾಯಿತು.

"ಮೊದಲಿನಂಗೇ ಆತಲ್ಲೋ" ಅಂದಳು ಅವ್ವ.

ಎಲ್ಲ ರಂಧ್ರವೂ ಒಂದೇ, ಕೂತವರು ಒಬ್ಬರ ತಂಟೆಗೊಬ್ಬರು ಹೋಗುವುದಿಲ್ಲ ಎಂದು ಸೂತ್ರ ನಂಬಿತ್ತು. ನೀರಿನ ಅಣುಗಳೋ ತಮ್ಮವರನ್ನೇ ಕರೆಕರೆದು ಕೂರಿಸಿಕೊಂಡು ಜಾಗ ತುಂಬಿಬಿಟ್ಟಿದ್ದವು. ಸರ್ ನಗಲಿಲ್ಲ. "ಎಲ್ಲಿ ಸೋತೈತಿ, ಯಾಕ ಸೋತೈತಿ, ಅದನ್ನ ಬರಿ" ಎಂದರು. ಅದನ್ನೇ ಬರೆದೆ. ನನಗೆ ಡಾಕ್ಟರೇಟ್ ಬಂದದ್ದು ಆ ಸೋಲಿನಿಂದ, ಅಂದರೆ ಅವರಿಂದ.

ಹೋದ ವರ್ಷ ಸರ್ ಆಸ್ಪತ್ರೆ ಸೇರಿದರು. ಅವರ ಮಗಳು ರಿಪೋರ್ಟುಗಳನ್ನು ಒಂದೊಂದಾಗಿ ಓದಿದಳು. ಹೃದಯ ಚಿಂತೆಯಿಲ್ಲ, ಕಿಡ್ನಿ ಚಿಂತೆಯಿಲ್ಲ, ಶ್ವಾಸಕೋಶವೂ ಪರವಾಗಿಲ್ಲ. ದಿಂಬಿನ ಮೇಲೆ ಎಡಹುಬ್ಬು ಮೆಲ್ಲಗೆ ಎದ್ದಿತು.

"ಎಲ್ಲಾ ಕೂಡಿಸಿ ನೋಡ್ಯಾರೇನು, ಕೇಳಿ ಬಾ."

ಹೋಗಿ ನರ್ಸ್ ಅವರನ್ನು ಕೇಳಿದೆ. "ನಾಳೆ ದೊಡ್ಡ ಡಾಕ್ಟರು ಬರ್ತಾರ್ರಿ, ನೋಡ್ತಾರ" ಎಂದರು. ಸರ್ ನಾಳೆಯ ತನಕ ಇರಲಿಲ್ಲ. ಜೀವನದುದ್ದಕ್ಕೂ ಅವರ ಅನುಮಾನ ನಿಜವಾಗುತ್ತಲೇ ಬಂತು. ಆ ಒಂದು ಸಲವಾದರೂ ಸುಳ್ಳಾಗಬೇಕಿತ್ತು.