ದೊಡ್ಡಮ್ಮನ ಕಣ್ಣೆದುರು ಹಿಡಿದ ಟಾರ್ಚು

ನಮ್ಮೂರಲ್ಲಿ ಯಾರಾದರೂ ಹೊಸ ಟಾರ್ಚು ತರಬೇಕೆಂದರೆ ಈಗಲೂ ಮೊದಲು ನನ್ನನ್ನು ಕೇಳುತ್ತಾರೆ. ಬೆಳಕು ಎಷ್ಟು ದೂರ ಹೋಗಬೇಕು, ಚಾರ್ಜು ಎಷ್ಟು ಹೊತ್ತು ನಿಲ್ಲಬೇಕು, ಮಳೆಯಲ್ಲಿ ನೆನೆದರೆ ಏನಾಗುತ್ತದೆ, ಎಲ್ಲದಕ್ಕೂ ನನ್ನ ಹತ್ತಿರ ಉತ್ತರವಿದೆ. ಈಚೆಗೆ ನಾನು ಉತ್ತರ ಹೇಳುವುದನ್ನು ಬಿಟ್ಟಿದ್ದೇನೆ. ಅಂಗಡಿಯವನನ್ನೇ ಕೇಳಿ, ಅವನಿಗೆ ನನಗಿಂತ ಚೆನ್ನಾಗಿ ಗೊತ್ತು ಅಂತ ಕಳಿಸುತ್ತೇನೆ. ನಾನು ಏನೋ ಜಂಭ ಮಾಡುತ್ತಿದ್ದೇನೆ ಅಂದುಕೊಂಡು ಅವರು ಮುಖ ಗಂಟು ಹಾಕಿಕೊಂಡು ಹೋಗುತ್ತಾರೆ.

ನಾನು ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುವವನು. ಇಪ್ಪತ್ತು ವರ್ಷದಿಂದ ನಟ್ಟು, ಬೋಲ್ಟು, ಬೇರಿಂಗು, ಬಲ್ಬು ಒಳಗೆ ತೆಗೆದುಕೊಂಡು ಹೊರಗೆ ಕೊಟ್ಟಿದ್ದೇನೆ. ಯಾವ ಸಾಮಾನು ಬಂದರೂ ಪೆಟ್ಟಿಗೆ ಮೇಲೆ ಬರೆದದ್ದನ್ನು ಕೊನೆ ಸಾಲಿನವರೆಗೆ ಓದದೆ ಸಹಿ ಹಾಕುವ ಆಸಾಮಿಯಲ್ಲ. ಆ ಚಾಳಿ ಮನೆಗೂ ಬಂತು. ಮಿಕ್ಸಿ ತರಬೇಕಾದರೆ ಒಂದು ತಿಂಗಳು ಫೋನಿನಲ್ಲಿ ವಿಡಿಯೋ ನೋಡಿದವನು ನಾನು. ಅಷ್ಟು ದಿನ ನನ್ನ ಹೆಂಡತಿ ಒರಳಿನಲ್ಲೇ ಚಟ್ನಿ ರುಬ್ಬಿದಳು.

ನಮ್ಮೂರು ದೇವನಹಳ್ಳಿಯ ಆಚೆ, ನಲ್ಲೂರಿನ ಹುಣಸೆ ತೋಪು ದಾಟಿ ಒಂದಿಷ್ಟು ದೂರ. ಇರುವ ಜಮೀನಿನಲ್ಲಿ ಹಿಪ್ಪುನೇರಳೆ ಹಾಕಿದ್ದೇವೆ. ಮನೆ ಹಿಂದೆ ಹುಳು ಮನೆ. ರೇಷ್ಮೆ ಹುಳು ಸಾಕುವುದು ಪೂರ್ತಿ ನನ್ನ ಹೆಂಡತಿಯದೇ ಕೆಲಸ, ನಾನು ರಜಾದಿನದಲ್ಲಿ ಬಂದು ಯಜಮಾನಿಕೆ ಮಾಡುವವನು. ಹುಳು ಮನೆಯೊಳಗೆ ಹಗಲಲ್ಲೂ ಮಬ್ಬು. ನೊಣ ಬರಬಾರದು ಅಂತ ಕಿಟಕಿಗೆಲ್ಲ ಪರದೆ ಕಟ್ಟಿರುತ್ತೇವೆ. ಮೂರು ಅಂತಸ್ತಿನ ಅಟ್ಟಣೆಯ ಕೆಳಗಿನ ಸಾಲಿಗಂತೂ ಬೆಳಗ್ಗೆ ಹತ್ತು ಗಂಟೆಗೂ ಬೆಳಕು ತಲುಪುವುದಿಲ್ಲ. ಅಲ್ಲಿ ಬಗ್ಗಿ ನೋಡಲು ನಮ್ಮಪ್ಪನ ಕಾಲದ ಎರಡು ಸೆಲ್ಲಿನ ಟಾರ್ಚೊಂದಿತ್ತು. ಎರಡು ಸಲ ತಟ್ಟಿದರೆ ಹತ್ತುತ್ತಿತ್ತು, ಮೂರನೇ ಸಲ ತಟ್ಟಿದರೆ ಆರಿಹೋಗುತ್ತಿತ್ತು. ಅದರ ಬೆಳಕು ಕಾಸಿದ ತುಪ್ಪದ ಬಣ್ಣ.

ಇನ್ನು ದೊಡ್ಡಮ್ಮನ ವಿಷಯ. ಅವಳು ನನಗೆ ರಕ್ತಸಂಬಂಧಿಯಲ್ಲ. ನಮ್ಮಮ್ಮನ ಗೆಳತಿ, ಎದುರು ಮನೆಯವಳು, ನಾನು ಹುಟ್ಟಿದಾಗಿನಿಂದ ದೊಡ್ಡಮ್ಮ ಅಂತಲೇ ಕರೆದಿದ್ದೇನೆ. ನಮ್ಮ ಬೀದಿಯಲ್ಲಿ ಯಾರ ಮನೆಯ ಹುಳು ಹಣ್ಣಾದರೂ ಮೊದಲು ಅವಳನ್ನು ಕರೆಯುವುದು ವಾಡಿಕೆ. ಹಣ್ಣಾಗುವುದು ಅಂದರೆ, ಮೈಯ ಪೊರೆ ಕಳಚುವ ನಾಲ್ಕನೇ ಜ್ವರ, ಅದೇ ಕೊನೆಯದು, ಮುಗಿಸಿ ಎದ್ದ ಹುಳು ಏಳೆಂಟು ದಿನ ಹೊಟ್ಟೆ ಬಿರಿಯುವಷ್ಟು ಸೊಪ್ಪು ತಿಂದು, ಒಂದು ಬೆಳಗ್ಗೆ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ ಆಡಿಸುತ್ತದೆ. ಹಸಿರು ಹೋಗಿ ಮೈಯಲ್ಲಿ ಹಳದಿ ಇಳಿದು, ಬೆಳಕಿಗೆ ಹಿಡಿದರೆ ಆಚೆಗೆ ಕಾಣುವ ಹಾಗಾಗುತ್ತದೆ. ಆಗ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟಿಗೆ, ಬಿಡಬೇಕು. ಬೇಗ ಬಿಟ್ಟರೆ ಹಸಿ ಹುಳು ಗೂಡು ಕಟ್ಟದೆ ಅಲೆದಾಡಿ, ಗಲೀಜು ಮಾಡಿ, ಪಕ್ಕದ ಗೂಡನ್ನೂ ಕೆಡಿಸುತ್ತದೆ. ತಡವಾದರೆ ಸೊಪ್ಪಿನ ಕಡ್ಡಿಗೇ ನೂಲು ಬಿಟ್ಟು ಹಾಳಾಗುತ್ತದೆ.

ದೊಡ್ಡಮ್ಮ ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಬಾಗಿಲಿಗೆ ಬರುತ್ತಿದ್ದಳು. ಆಕಾಶಕ್ಕೆ ಹಿಡಿದು, ಒಂದು ಕ್ಷಣ ನೋಡಿ, "ಆಗೈತೆ" ಅಥವಾ "ನಾಳೀಕೆ" ಅನ್ನುತ್ತಿದ್ದಳು, ಅಷ್ಟೆ. ಅದಕ್ಕೆ ಎದುರು ಮಾತಿಲ್ಲ. ಅವಳು ಮೊದಲ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆಯೇ ಉಳಿದವರು ಕೈ ಹಾಕುತ್ತಿದ್ದುದು. ಗಂಡ ಹೋದ ಮೇಲೆ ಮನೆಯಲ್ಲಿ ಸೊಸೆಯದೇ ಕಾರುಬಾರು. ಆದರೆ ಹುಳು ಹಣ್ಣಾದ ದಿನ ಬೀದಿಗೆ ಬೀದಿಯೇ ದೊಡ್ಡಮ್ಮ ಬಂದಳಾ ಅಂತ ಕೇಳುತ್ತಿತ್ತು. ಅವಳಿಗಿದ್ದ ಹೆಸರೆಂದರೆ ಅದೊಂದೇ.

ನಾನು ಹೊಸ ಟಾರ್ಚು ತರಲು ಹೊರಟದ್ದು ಅಪ್ಪನ ಟಾರ್ಚು ಪೂರ್ತಿ ಕೈಕೊಟ್ಟಾಗ. ಮೂರು ವಾರ ಫೋನು ತಿಕ್ಕಿದೆ. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದಿರಬೇಕು, ಬೆಳಕು ಮಾತ್ರ ಎದುರಿನ ಬೆಟ್ಟಕ್ಕೆ ತಾಗಬೇಕು. ಕೆಳಗೆ ಬಿದ್ದರೂ ಒಡೆಯಬಾರದು. ಫೋನಿನ ಚಾರ್ಜರಿನಲ್ಲೇ ಚಾರ್ಜು ಆಗಬೇಕು. ಚೀಟಿಯಲ್ಲಿ ಎಲ್ಲ ಬರೆದುಕೊಂಡು ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡ್ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆ. ಅಂಗಡಿಯವರು ನನಗಿಂತ ಹಿರಿಯರು. ಎಂಟು ಹತ್ತು ಟಾರ್ಚು ಹರಡಿದರು. ಒಂದೊಂದನ್ನೂ ಹತ್ತಿಸಿ ಗೋಡೆಗೆ ಬಿಟ್ಟು ನೋಡಿದೆ, ಸ್ವಿಚ್ಚು ನೂರು ಸಲ ಒತ್ತಿದೆ. ಕೊನೆಗೆ ಹೆಬ್ಬೆರಳು ಗಾತ್ರದ ಕಪ್ಪು ಟಾರ್ಚೊಂದು ಹಿಡಿಸಿತು. ಹತ್ತಿಸಿದರೆ ಗೋಡೆಯೆಲ್ಲ ಬೆಳ್ಳಗೆ ನೀಲಿಗೆ ತಿರುಗಿತು.

"ಎಲ್ಲೀಗೆ ಸಾರ್ ಇದು, ತೋಟಕ್ಕಾ?" ಅಂತ ಕೇಳಿದರು.

"ಹುಳು ಮನೆಗೆ" ಅಂದೆ.

ಅವರು ಆ ಟಾರ್ಚನ್ನು ಪಕ್ಕಕ್ಕೆ ಸರಿಸಿ, ಒಳಗಿನಿಂದ ಇನ್ನೊಂದು ತಂದರು. ಅದೂ ಎಲ್‌ಇಡಿಯೇ, ಅದೂ ಚಿಕ್ಕದೇ. ಆದರೆ ಬೆಳಕು ಸ್ವಲ್ಪ ಹಳದಿ, ಅಷ್ಟೇನೂ ಜೋರಿಲ್ಲ. "ಹುಳು ಮನೇಗೆ ಇದೇ ಸರಿ ಸಾರ್. ಬಣ್ಣ ಇದ್ದಂಗೇ ಕಾಣ್ತದೆ. ಅದು ದೂರ ನೋಡೋಕೆ ಚೆಂದ, ಹತ್ರ ನೋಡೋಕಲ್ಲ."

ನನಗೆ ರೇಗಿತು. ಸ್ಟೋರಿನವನಿಗೇ ಮಾಲಿನ ವಿಷಯ ಕಲಿಸಲು ಬಂದನಲ್ಲ ಅನ್ನಿಸಿತು. "ಹಳೇ ಸ್ಟಾಕು ನನ್ ತಲೇಗೆ ಕಟ್ತಾ ಇದೀರಾ ಗುರು?" ಅಂದೆ. ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ಅಂಗಡಿಯವರು ಕಪ್ಪು ಟಾರ್ಚನ್ನೇ ಕವರಿಗೆ ಹಾಕಿ ಕೊಟ್ಟರು.

ಹೊಸದರ ಮೋಜು. ಹಗಲು ಹೊತ್ತಲ್ಲೇ ಬೀರು ಕೆಳಗೆ, ಮಂಚದ ಕೆಳಗೆ, ನೀರಿನ ಸಂಪಿನೊಳಗೆ ಬಿಟ್ಟು ನೋಡಿದೆ. ಹೆಂಡತಿ, "ಸಂಪಲ್ಲಿ ಏನಾದ್ರೂ ನಿಧಿ ಸಿಕ್ತಾ?" ಅಂದಳು. ವಾರ ಕಳೆಯುವಷ್ಟರಲ್ಲಿ ಹುಳು ಹಣ್ಣಾಗುವ ದಿನ ಬಂತು. ಅವತ್ತು ಭಾನುವಾರ, ನಾನೂ ಮನೆಯಲ್ಲಿದ್ದೆ. ಚಂದ್ರಿಕೆ ಎತ್ತಿಡಲು ಬೀದಿಯ ನಾಲ್ಕು ಜನ ಬಂದಿದ್ದರು. ಕರೆಂಟು ಇರಲಿಲ್ಲ. ದೊಡ್ಡಮ್ಮ ಬಂದು, ಕೈ ತೊಳೆದು, ಕೆಳಗಿನ ಸಾಲಿಂದ ಒಂದು ಹುಳು ತೆಗೆದುಕೊಂಡು ಎಂದಿನಂತೆ ಬಾಗಿಲ ಕಡೆ ಹೊರಟಳು.

ನಾನು ಅಡ್ಡ ನಿಂತೆ. "ಅಷ್ಟು ದೂರ ಯಾಕೆ ದೊಡ್ಡಮ್ಮ ಓಡಾಡ್ತೀಯ, ನಾನು ಬೆಳಕು ಹಿಡೀತೀನಿ, ನೀನು ಇಲ್ಲೇ ನೋಡು" ಅಂತ ಟಾರ್ಚು ಹತ್ತಿಸಿ ಹುಳುವಿನ ಹಿಂದೆ ಹಿಡಿದೆ.

ಅವಳು ಕಣ್ಣು ಕಿರಿದು ಮಾಡಿ, "ಕಣ್ಣು ಕೋರೈಸ್ತದೆ ಮಗ" ಅಂದಳು.

"ಅಭ್ಯಾಸ ಆಗತ್ತೆ, ನೋಡು."

ನೋಡಿದಳು. ಇನ್ನೊಂದು ತೆಗೆದು ನೋಡಿದಳು, ಮತ್ತೊಂದು. "ಎಲ್ಲಾವೂ ಒಂದೇ ತರ ಕಾಣ್ತವಲ್ಲಪ್ಪ. ಎಲ್ಲಾ ಆಚೀಕೆ ಕಾಣ್ತವೆ."

"ಅಂದ್ರೆ ಎಲ್ಲಾ ಹಣ್ಣಾಗಿವೆ ಅಂತ ತಾನೆ" ಅಂದೆ. ನನಗೆ ಎಲ್ಲ ಬೇಗ ಮುಗಿಯಬೇಕಿತ್ತು, ಟಾರ್ಚಿನಿಂದ ಬೇಗ ಮುಗಿಯಿತು ಅನ್ನಿಸಿಕೊಳ್ಳಬೇಕಿತ್ತು. ದೊಡ್ಡಮ್ಮ ಬಾಗಿಲ ಕಡೆ ಇನ್ನೊಂದು ಸಲ ನೋಡಿದಳು. ನಾನು ದಾರಿ ಬಿಡಲಿಲ್ಲ. ಕೊನೆಗೆ "ಹಂಗೇ ಇರಬೇಕು" ಅಂತ ಮೊದಲ ಹುಳುವನ್ನು ಚಂದ್ರಿಕೆಗೆ ಬಿಟ್ಟಳು. ಮಧ್ಯಾಹ್ನದೊಳಗೆ ಅಟ್ಟಣೆ ಪೂರ್ತಿ ಖಾಲಿ.

ಮೂರನೇ ದಿನ ಚಂದ್ರಿಕೆಯ ಹತ್ತಿರ ಹೋಗಿ ನೋಡಿದೆ. ಅರ್ಧಕ್ಕರ್ಧ ಹುಳು ಗೂಡು ಕಟ್ಟದೆ ಕೆಳಗೆ ಬಿದ್ದು ಹೊರಳಾಡುತ್ತಿದ್ದವು. ಕಟ್ಟಿದ ಗೂಡಿನ ಮೇಲೆಲ್ಲ ಕಲೆ. ಒಂದು ತಿಂಗಳು ಹೊತ್ತು ಹೊತ್ತಿಗೆ ಸೊಪ್ಪು ಹಾಕಿದ ನನ್ನ ಹೆಂಡತಿ ಹೊಸಿಲ ಮೇಲೆ ಕೂತುಬಿಟ್ಟಳು. ಸುದ್ದಿ ತಿಳಿದು ಅವತ್ತಿನ ಆ ನಾಲ್ಕು ಜನ ಬಂದರು, ಅವರ ಹಿಂದೆಯೇ ದೊಡ್ಡಮ್ಮ ಬಂದಳು. ಬಂದವಳೇ ಬಗ್ಗಿ ಬಿದ್ದ ಹುಳುಗಳನ್ನು ಆಯತೊಡಗಿದಳು.

ನಾನು ಎಲ್ಲರೆದುರು ಹೇಳಿದೆ: "ಬಿಡು ದೊಡ್ಡಮ್ಮ. ನಿನ್ ಕಣ್ಣು ಮಂಜಾಗವೆ. ಕಾಣದಿದ್ರೆ ಕಾಣಲ್ಲ ಅನ್ನಬೇಕು, ಇನ್ನೊಬ್ರ ಬೆಳೆ ಹಾಳು ಮಾಡಬಾರದು."

ಅವಳು ಬಗ್ಗಿದ್ದವಳು ಎದ್ದು ನಿಂತಳು. ಕೈಯಲ್ಲಿದ್ದ ಹುಳುಗಳನ್ನು ತಟ್ಟೆಗೆ ಹಾಕಿದಳು, ಸೆರಗಿಗೆ ಕೈ ಒರೆಸಿಕೊಂಡಳು. ನನ್ನ ಟಾರ್ಚಿನ ಮಾತು ಅವಳು ಎತ್ತಲೇ ಇಲ್ಲ. ಎತ್ತಿದ್ದರೆ ನಾನು ಜಗಳವಾಡುತ್ತಿದ್ದೆ, ಜಗಳದಲ್ಲಿ ಎಲ್ಲಾದರೂ ನಿಜ ಹೊರಗೆ ಬರುತ್ತಿತ್ತೋ ಏನೋ. "ಇರಬೌದು ಕಣಪ್ಪ" ಅಂದು ರಸ್ತೆ ದಾಟಿ ಮನೆಗೆ ಹೋದಳು.

ಅಷ್ಟಕ್ಕೇ ನಿಲ್ಲಿಸಿದೆನೇ? ಇಲ್ಲ. ಟೀ ಅಂಗಡಿಯಲ್ಲೂ ಹೇಳಿದೆ, ಹಾಲಿನ ಡೈರಿಯಲ್ಲೂ ಹೇಳಿದೆ. ಬೆಳೆ ಹೋದ ಸಂಕಟಕ್ಕೆ ಹೇಳಿದೆ ಅಂತ ಆಗ ಅಂದುಕೊಂಡಿದ್ದೆ. ತಪ್ಪು ಯಾರದು ಅಂತ ಜನ ಕೇಳುವ ಮೊದಲೇ ಉತ್ತರ ಹಂಚುತ್ತಿದ್ದೆ ಅಂತ ಈಗ ಗೊತ್ತಾಗುತ್ತದೆ. ಮುಂದಿನ ಸಲ ಬೀದಿಯಲ್ಲಿ ಹುಳು ಹಣ್ಣಾದಾಗ ಯಾರೂ ಅವಳನ್ನು ಕರೆಯಲಿಲ್ಲ.

ನಮ್ಮ ಮುಂದಿನ ಬೆಳೆಯಲ್ಲಿ ಹುಳು ನಾಲ್ಕನೇ ಜ್ವರ ಎದ್ದು ಮೂರೇ ದಿನವಾಗಿತ್ತು. ಸಂಜೆ ಸೊಪ್ಪು ಹಾಕುವಾಗ ನಾನು ಹೆಂಡತಿಗೆ ಟಾರ್ಚು ಹಿಡಿದಿದ್ದೆ. ಒಂದು ಹುಳು ಬೆಳಕಿಗೆ ಅಡ್ಡ ಬಂತು. ಮೈ ಗಾಜಿನಂತೆ, ಆಚೆಗೆ ಕಾಣುತ್ತಿತ್ತು. "ಇದೇನೇ, ಇಷ್ಟು ಬೇಗ ಹಣ್ಣಾಗಿಬಿಟ್ಟಿದೆ" ಅಂದೆ.

ಅವಳು ಹುಳುವನ್ನು ಬಾಗಿಲಿಗೆ ಒಯ್ದು ನೋಡಿ, "ಇದೆಲ್ರೀ ಹಣ್ಣಾಗೈತೆ? ಹಸ್ರುಗಿದೆ, ಇನ್ನೂ ನಾಲ್ಕೈದು ದಿನ ತಿನ್ನಬೇಕು" ಅಂದಳು.

ಇನ್ನೊಂದು ಹುಳು ತೆಗೆದುಕೊಂಡೆ. ಟಾರ್ಚಿಗೆ ಹಿಡಿದರೆ ಹಣ್ಣು, ಬಾಗಿಲಿಗೆ ಹಿಡಿದರೆ ಹಸಿ. ಹತ್ತು ಹುಳು ನೋಡಿದೆ, ಹತ್ತೂ ಹಾಗೇ. ಅಷ್ಟು ಜೋರು ಬೆಳಕು ಹಸಿಯಾಗಲಿ ಹಣ್ಣಾಗಲಿ ಎಲ್ಲದರ ಮೈಯನ್ನೂ ತೂರಿ ಹೋಗುತ್ತಿತ್ತು. ಆ ನೀಲಿ ಬಿಳುಪಿನಲ್ಲಿ ಹಸಿರೂ ಇಲ್ಲ, ಹಳದಿಯೂ ಇಲ್ಲ. ಎಲ್ಲಾವೂ ಒಂದೇ ತರ ಕಾಣ್ತವಲ್ಲಪ್ಪ ಅಂತ ದೊಡ್ಡಮ್ಮ ಹೇಳಿದ್ದು ಅದನ್ನೇ. ಅಂಗಡಿಯವರು ಹೇಳಿದ್ದೂ ಅದನ್ನೇ.

 ಆಗಲೇ ರಸ್ತೆ ದಾಟಿ ಹೋಗಬೇಕಿತ್ತು. ಹೋಗಲಿಲ್ಲ. ಟಾರ್ಚನ್ನು ಬೀರುವಿನಲ್ಲಿ ಸೀರೆಗಳ ಹಿಂದೆ ತುರುಕಿದೆ. ಆ ಬೆಳೆಯನ್ನು ಹೆಂಡತಿಯೇ ಬಾಗಿಲ ಬೆಳಕಲ್ಲಿ ನೋಡಿ ಚಂದ್ರಿಕೆಗೆ ಬಿಟ್ಟಳು. ಬೆಳೆ ಚೆನ್ನಾಗಿ ಬಂತು. ಜನ, "ಕಣ್ಣಿದ್ದೋರು ನೋಡಿದ್ರೆ ಹಿಂಗೆ" ಅಂದರು. ನಾನು ಅದನ್ನು ಕೇಳಿಕೊಂಡು ಸುಮ್ಮನೆ ನಿಂತಿದ್ದೆ. ಬೈದದ್ದಕ್ಕಿಂತ ಆ ಸುಮ್ಮನೆ ನಿಂತದ್ದನ್ನು ನೆನೆದರೆ ಇವತ್ತಿಗೂ ನನಗೆ ಹೆಚ್ಚು ನಾಚಿಕೆಯಾಗುತ್ತದೆ. ಕೋಪದಲ್ಲಿ ಬೈದೆ ಅನ್ನಬಹುದು, ಸುಮ್ಮನಿದ್ದದ್ದಕ್ಕೆ ಏನನ್ನಲಿ.

ಒಂದು ದಿನ ಹೆಂಡತಿ ಊಟ ಬಡಿಸುತ್ತಾ ಹೇಳಿದಳು: "ದೊಡ್ಡಮ್ಮ ದೇವನಹಳ್ಳಿ ಆಸ್ಪತ್ರೇಲಿ ಕಣ್ಣು ತೋರಿಸ್ಕೊಂಡು ಬಂದ್ರಂತೆ. ಡಾಕ್ಟ್ರು ವಯಸ್ಸಿಗೆ ಚೆನ್ನಾಗೇ ಇವೆ ಅಂದ್ರಂತೆ. ಅವರು ನಂಬ್ತಾನೇ ಇಲ್ಲ. ಅಕ್ಕಿ ಆರಿಸಿದ ಮೇಲೂ ಕಲ್ಲು ಉಳಿದಾವಾ ನೋಡು ಅಂತ ಸೊಸೇಗೆ ಮೊರ ಕೊಡ್ತಾರೆ." ನಾನು ಊಟ ಅರ್ಧಕ್ಕೇ ಬಿಟ್ಟು ಎದ್ದೆ. ಕೈ ತೊಳೆದು ಹಾಗೇ ಎದುರು ಮನೆಗೆ ಹೋದೆ.

ದೊಡ್ಡಮ್ಮ ಜಗಲಿಯ ಮೇಲೆ ಕೂತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಟಾರ್ಚಿನದು ತಪ್ಪು, ಅಂಥ ಟಾರ್ಚನ್ನೇ ಹಟ ಹಿಡಿದು ತಂದ ನನ್ನದು ತಪ್ಪು, ನಿನ್ನ ದಾರಿಗೆ ಅಡ್ಡ ನಿಂತದ್ದು ತಪ್ಪು. ತಿಳಿದ ಮೇಲೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ ಅಂತಲೂ ಹೇಳಿದೆ. ಅವಳು ನೆಲ ನೋಡುತ್ತಾ ಕೇಳಿಸಿಕೊಂಡಳು.

"ಅವತ್ತು ನಾಲ್ಕು ಜನದ ಮುಂದೆ ಅಂದಲ್ಲಪ್ಪ. ಇವತ್ತು ಒಬ್ನೇ ಬಂದಿದೀಯ" ಅಂದಳು.

ಸರಿಯಾದ ಮಾತು. ಮುಂದಿನ ಬೆಳೆ ಹಣ್ಣಾಗುವ ದಿನ ರಜೆ ಹಾಕಿ ಆ ನಾಲ್ಕು ಜನರನ್ನೂ ಕರೆದೆ, ಜೊತೆಗೆ ಇನ್ನೂ ಹತ್ತು ಮನೆಯವರನ್ನು ಕರೆದೆ. ಬೀರುವಿನಿಂದ ಟಾರ್ಚು ತೆಗೆದು, ಎಲ್ಲರ ಕಣ್ಣೆದುರು ಇನ್ನೂ ಸೊಪ್ಪು ತಿನ್ನುತ್ತಿದ್ದ ಒಂದು ಹಸಿ ಹುಳುವನ್ನು ಅದರ ಬೆಳಕಿಗೂ ಬಾಗಿಲಿಗೂ ಹಿಡಿದು ತೋರಿಸಿದೆ. "ದೊಡ್ಡಮ್ಮನ ಕಣ್ಣಿಗೆ ಏನೂ ಆಗಿಲ್ಲ. ಸುಳ್ಳು ಹೇಳಿದೋನು ನಾನು" ಅಂದೆ. ಜನ ಟಾರ್ಚನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ಒಬ್ಬ, "ಎಲ್ಲಿ ಸಿಕ್ತು ಗುರು ಇದು, ಸಖತ್ ಬೆಳಕು" ಅಂದ. ಉಳಿದವರು ದೊಡ್ಡಮ್ಮನಿಗೆ ದಾರಿ ಬಿಟ್ಟು ನಿಂತರು. ನಮ್ಮನೇಲೂ ಬರೋ ವಾರ ಹಣ್ಣಾಗ್ತವೆ, ನೀನೇ ಬರಬೇಕು ಅಂತ ಒಬ್ಬಳು ಆಗಲೇ ಹೇಳಿದಳು.

ದೊಡ್ಡಮ್ಮ ಕೈ ತೊಳೆದು, ಒಂದು ಹುಳು ತೆಗೆದುಕೊಂಡು ಬಾಗಿಲಿಗೆ ಬಂದಳು. ಆಕಾಶಕ್ಕೆ ಹಿಡಿದಳು. ಮೊದಲಾದರೆ ಒಂದು ಕ್ಷಣ ಸಾಕಿತ್ತು. ಅವತ್ತು ತುಂಬ ಹೊತ್ತು ನೋಡಿದಳು. ಅಂಗೈಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

"ಆಗೈತೆ, ಅಲ್ವೇನಪ್ಪಾ?"

ಹೌದು ದೊಡ್ಡಮ್ಮ ಅಂದೆ. ನಾನು ಹುಳುವಿನ ಕಡೆ ನೋಡಿರಲೇ ಇಲ್ಲ. ಅವಳು ಅದನ್ನು ಚಂದ್ರಿಕೆಗೆ ಬಿಟ್ಟು ಇನ್ನೊಂದು ತಂದಳು, ಅದನ್ನೂ ನನಗೆ ತೋರಿಸಿ ಕೇಳಿದಳು. ಅವತ್ತು ಸಾಯಂಕಾಲದವರೆಗೂ ಹಾಗೇ ಕೇಳುತ್ತಿದ್ದಳು.