ಬೆಂಕಿಯ ಮುಖವಾಡಕ್ಕೆ ಅಬಾಯದ ಲೈನಿಂಗ್

ಆ ಲೈನಿಂಗ್ ಹೊಲಿದದ್ದು ನಾನು, ಹಂಝ. ನೀನಲ್ಲ. ಅಷ್ಟು ಜನರ ಎದುರು ನಾನು ಹೇಳಿದ್ದು ಸುಳ್ಳು.

ಇಲ್ಲಿ ಗಲ್ಫಿನಲ್ಲಿ, ಶರಫಿಯಾದ ನನ್ನ ಟೈಲರ್ ಅಂಗಡಿಗೆ ಆ ಸಿನಿಮಾದವರ ಕೆಲಸ ಬಂದಾಗ, ಪಾತ್ರಕ್ಕೆ ಜನ ಬೇಕೆಂದಿದ್ದರು. ನಿನ್ನನ್ನು ಸೇರಿಸಿದವನೂ ನಾನೇ. ಹಳೆಯ ಕಾಲದ ಯುದ್ಧದ ಕಥೆ — ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು, ಕೊಳವೆಯಿಂದ ಬೆಂಕಿ ಎರಚುವ ಸೈನಿಕರು. ಆಗಿನವರು ತೊಡುತ್ತಿದ್ದ ಹಾಗೆಯೇ ಬೇಕೆಂದು ಫೋಟೊ ಕೊಟ್ಟಿದ್ದರು: ಕಣ್ಣಿಗೆ ಗಾಜಿಟ್ಟ ದಪ್ಪ ಚರ್ಮದ ಮುಖವಾಡ, ಮೊಣಕೈವರೆಗಿನ ಗ್ಲೌಸು, ಚರ್ಮದ ಏಪ್ರನ್. ಒಳಗೆ ಬೇರೆ ಬಟ್ಟೆ ಹಾಕಲೇಬಾರದು ಎಂದಿದ್ದರು. ಕೇಳಿಸಿಕೊಂಡಿದ್ದೆ — ಚೆನ್ನಾಗಿಯೇ ಕೇಳಿಸಿಕೊಂಡಿದ್ದೆ.

ಟ್ರಯಲ್ ದಿನ ನೀನು ಮುಖವಾಡ ತೆಗೆದು, "ಕೆನ್ನೆಯೆಲ್ಲ ತರಚ್ತದೆ ಮಾರಾಯ್ರೆ, ಎಂತಾದ್ರೂ ಮಾಡಿ ಇಸ್ಮಾಯಿಲಾಕ" ಎಂದೆ. ಮದುವೆ ನಿಶ್ಚಯವಾದ ಹುಡುಗ... ನನಗೆ ಪಾಪ ಅನಿಸಿತು. ಹೆಂಗಸರ ನಿಲುವಂಗಿ, ಅಬಾಯ, ಹೊಲಿದು ಉಳಿದ ಪಾಲಿಯೆಸ್ಟರ್ ತುಂಡು ಮೇಜಿನ ಮೇಲೇ ಇತ್ತು, ಒಳ್ಳೆ ನುಣುಪು. ಬೆಂಕಿ ಹೇಗೂ ದೂರ ಇರ್ತದಲ್ಲ ಅಂತ ಹಾಕಿಬಿಟ್ಟೆ. ಛೇ, ನನ್ನ ಬುದ್ಧಿಗಿಷ್ಟು!

ಶೂಟಿಂಗ್‌ನಲ್ಲಿ ಗಾಳಿ ತಿರುಗಿತು. ಉರಿ ನಿನ್ನ ಕತ್ತಿನ ಸಂದಿಯಿಂದ ಒಳಗೆ ನುಗ್ಗಿತು. ಮುಖವಾಡ ತಡೆದುಕೊಂಡಿತು ಹಂಝ, ಚರ್ಮ ಬರೀ ಕಪ್ಪಾಗಿತ್ತು. ನನ್ನ ಬಟ್ಟೆ ಮಾತ್ರ ಕರಗಿ ನಿನ್ನ ಮುಖಕ್ಕೆ ಅಂಟಿತು.

ಆಮೇಲೆ ಸಿನಿಮಾದವರು ಎಲ್ಲರನ್ನೂ ಕರೆದು ಕೇಳಿದರು — ಇದನ್ನು ಒಳಗೆ ಹಾಕಿದ್ದು ಯಾರು? ನನಗೆ ವೀಸಾ ಕೊಟ್ಟ ಅರಬಿ, ನನ್ನ ಕಫೀಲ್, ಪಕ್ಕದಲ್ಲೇ ನಿಂತಿದ್ದ. ಇಲ್ಲಿರಲು ಬೇಕಾದ ನನ್ನ ಇಕಾಮಾ ಕಾರ್ಡು, ಅಂಗಡಿ ಎಲ್ಲ ಅವನ ಕೈಯಲ್ಲಿ... ಅಲ್ಲ, ಅದು ನೆಪ. ನಾನು ಹೆದರಿದೆ, ಅಷ್ಟೆ. "ಅವನೇ ಹಾಕಿಕೊಂಡಿರಬೇಕು" ಎಂದೆ. ನೀನಾಗ ಆಸ್ಪತ್ರೆಯಲ್ಲಿ ಬಾಯಿ ಬಿಡಲಾಗದೆ ಮಲಗಿದ್ದೆ.

ತಪ್ಪೆಲ್ಲ ನಿನ್ನದೆಂದು ಊರಿಗೆ ಕಳುಹಿಸಿದರು. ಬುದ್ಧಿ ಇಲ್ಲದವನಿಗೆ ಹೆಣ್ಣು ಕೊಡುವುದಿಲ್ಲವೆಂದು ಹುಡುಗಿಯ ಮನೆಯವರೂ ಹಿಂದೆ ಸರಿದರು. ನೀನು ಫೋನಿನಲ್ಲಿ ಒಂದೇ ಒಂದು ಮಾತು ಹೇಳಿದೆ: "ಹೋಗ್ಲಿ ಬಿಡಿ ಇಸ್ಮಾಯಿಲಾಕ, ಕೇಳಿದ್ದು ನಾನೇ ಅಲ್ವಾ." ಇಷ್ಟು ವರ್ಷವಾದರೂ ನನ್ನ ಹೆಸರು ಯಾರಿಗೂ ಹೇಳಲಿಲ್ಲ. ನಿನ್ನ ಉಮ್ಮ ಈಗಲೂ ನಿನ್ನನ್ನೇ ಬೈಯುತ್ತಾರೆ — ಕೈಯಾರೆ ಮುಖ ಸುಟ್ಟುಕೊಂಡ ಅಂತ. ನನಗೆ? ಹುಡುಗನನ್ನು ಆಸ್ಪತ್ರೆಯಲ್ಲಿ ನೋಡಿಕೊಂಡವ ಅಂತ ದುವಾ ಮಾಡುತ್ತಾರೆ. ಆ ದುವಾ ಕೇಳಿ ಫೋನಿಟ್ಟ ಮೇಲೆ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಡುತ್ತೇನೆ.

ಟಿಕೆಟ್ ಆಗಿದೆ. ಬಂದವನೇ ಮೊದಲು ನಿನ್ನ ಉಮ್ಮನ ಮುಂದೆ ಕೂತು ಎಲ್ಲ ಹೇಳುತ್ತೇನೆ. ಅವರು ಏನೆಂದರೂ ಅನ್ನಲಿ. ನೀನು ಮಾತ್ರ ನಡುವೆ ಬಂದು ನನ್ನನ್ನು ಕಾಪಾಡಬೇಡ, ಹಂಝ.