ದೆಹಲಿಗೆ ಎರಡೂವರೆ ತಾಸು

ಅಟ್ಲಾಸಿನಲ್ಲಿ ಬೆಂಗಳೂರಿನ ಚುಕ್ಕೆಯ ಮೇಲೆ ಹೆಬ್ಬೆರಳು ಒತ್ತಿ, ದಾರವನ್ನು ದೆಹಲಿಯವರೆಗೆ ಬಿಗಿಯಾಗಿ ಎಳೆದು, ಅಲ್ಲಿಗೆ ಸರಿಯಾಗಿ ಹಲ್ಲಿನಿಂದ ಕಡಿಯುತ್ತಿದ್ದರು ನನ್ನ ಸೋದರತ್ತೆ. ಹಾಗೆ ಬಗ್ಗಿದಾಗ ಅವರ ಮೂಗುತಿ ಕಾಶ್ಮೀರಕ್ಕೆ ತಾಗುತ್ತಿತ್ತು. ಹೂ ಕಟ್ಟುವ ಕೆಂಪು ದಾರ ಅದು. ಬಿಳಿಯದು ಅನ್ನುತ್ತಾಳೆ ಅಕ್ಕ. ಅವಳ ಮಾತೇ ಸರಿಯಿರಬಹುದು. ಅತ್ತೆಯ ವಿಷಯದಲ್ಲಿ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಹೊಟ್ಟೆಕಿಚ್ಚು ಅದಕ್ಕೆ ಏನೇನು ಬೆರೆಸಿದೆಯೋ.

ಅತ್ತೆ ಹಿರಿಯೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಮದುವೆಯಾಗಲಿಲ್ಲ, ನಮ್ಮ ಮನೆಯಲ್ಲೇ ಇದ್ದರು. ಟ್ರಂಕ್ ಕಾಲ್‌ಗಳ ಕಾಲ ಮುಗಿಯುವವರೆಗೂ ಊರಿನವರ ಮಾತನ್ನು ದೂರದೂರಕ್ಕೆ ಜೋಡಿಸಿದವರು, ತಾವು ಮಾತ್ರ ತುಮಕೂರು ದಾಟಿದವರಲ್ಲ. ನಿವೃತ್ತಿಯ ವರ್ಷ ಹೇಳಿದರು: "ಮಾತು ಹೋದ ದಾರ್ಯಾಗೆ ನಾನೂ ಒಂದ್ಸಲ ಹೋಗಿ ಬರ್ತೀನಿ. ವಿಮಾನದಾಗೆ. ನಿಮ್ಮಿಬ್ರಾಗೆ ಒಬ್ಳು ಬರ್ರಿ."

ಅಕ್ಕ, ನಾನು ಇಬ್ಬರೂ ಆಗ ಚಿತ್ರದುರ್ಗದ ಕಾಲೇಜಿನಲ್ಲಿದ್ದೆವು. ಅತ್ತೆ ಇಬ್ಬರ ಕೈಗೂ ದಾರ ಕೊಟ್ಟು, "ಎಷ್ಟು ದೂರ ಹೇಳ್ರಿ ನೋಡಾಣ" ಅಂದರು.

ದೂರವನ್ನು ಬಸ್ಸಿನಲ್ಲೇ ಅಳೆದು ಬೆಳೆದವಳು ನಾನು. ದಾರವನ್ನು ಹೆದ್ದಾರಿಯ ಗುಂಟ ಹಿರಿಯೂರು, ದುರ್ಗ, ದಾವಣಗೆರೆ ಎಂದು ಬಳಸಿಕೊಂಡು ಹೊರಟೆ.

"ಲೇ, ವಿಮಾನ ದಾವಣಗೆರೆಗೆ ಬೆಣ್ಣೆದೋಸೆ ತಿನ್ನಾಕೆ ಇಳಿತೈತೇನೇ?"

ಅತ್ತೆಯ ಮಾತಿಗೆ ಅಕ್ಕ ನಗುತ್ತಲೇ ದಾರವನ್ನು ನೆಟ್ಟಗೆ ಎಳೆದಳು. ಸಾವಿರದ ಏಳುನೂರು ಕಿಲೋಮೀಟರಿನ ಆಸುಪಾಸು.

"ಎರಡೂವರೆ ತಾಸು ಅಷ್ಟೆ," ಅಂದರು ಅತ್ತೆ. "ದುರ್ಗದಾಗೆ ಬಸ್ ಬದಲಾಯಿಸಿ ಹೊಳಲ್ಕೆರೆ ಮುಟ್ಟೋದ್ರಾಗೆ ದೆಹಲಿ!"

ಅಕ್ಕನನ್ನೇ ಕರೆದುಕೊಂಡು ಹೋದರು. "ಅವ್ಳು ದೊಡ್ಡೋಳು, ಬಿಡು" ಎಂದಳು ಅಮ್ಮ. ಎಂ.ಎ. ಮುಗಿಸಿದ ಮೇಲೂ ನನಗೆ ಆ ಕಾರಣ ಸಾಲಲಿಲ್ಲ. ದಾರದ ಕಾರಣವೂ ಸಾಲಲಿಲ್ಲ. ವಾಪಸು ಬಂದ ಅಕ್ಕ ಕಿವಿಗೆ ಹತ್ತಿ ತುರುಕಿಕೊಂಡು, "ಇನ್ನೂ ಗುಂಯ್ ಅಂತೈತೆ ಕಣೇ" ಎಂದು ಓಣಿಯೆಲ್ಲ ತಿರುಗಿದಳು. ಅವಳ ಕಿವಿನೋವಿನ ಮೇಲೂ ನನಗೆ ಆಸೆಯಾಯಿತು. ಅತ್ತೆ ಎಲ್ಲರೆದುರು, "ಮೋಡ ಕೆಳಗಡೆ ಅವೆ, ನಾವು ಮ್ಯಾಲೆ! ಅಲ್ಲೇನೇ?" ಎಂದು ಅವಳ ಕಡೆಗೇ ತಿರುಗುತ್ತಿದ್ದರು. ಆ "ಅಲ್ಲೇನೇ"ಗೆ ಹೂಂಗುಟ್ಟುವ ಹಕ್ಕು ನನಗಿರಲಿಲ್ಲ.

ನನಗೆ ಅಕ್ಷರ ಕಲಿಸಿದವರು ಅತ್ತೆ. ಜ್ವರ ಬಂದರೆ ಹಣೆಯ ಮೇಲಿನ ಬಟ್ಟೆ ಬದಲಿಸುತ್ತಿದ್ದವರೂ ಅವರೇ. ಇದನ್ನು ಮೊದಲೇ ಬರೆಯಬೇಕಿತ್ತು. ವಿಮಾನ ಅಡ್ಡ ಬಂತು.

ಕೊನೆಯ ದಿನಗಳನ್ನೂ ಅವರು ಹೊಸದುರ್ಗದಲ್ಲಿ ನೆಲೆಸಿದ್ದ ಅಕ್ಕನ ಮನೆಯಲ್ಲೇ ಕಳೆದರು. ನಾನು ತಲುಪುವಷ್ಟರಲ್ಲಿ ಮಾತು ನಿಂತಿತ್ತು. ಕೆಲವು ವರ್ಷಗಳ ನಂತರ ನಾನೂ ದೆಹಲಿಗೆ ಹಾರಿದೆ, ಒಬ್ಬಳೇ. ಪಕ್ಕದ ಸೀಟಿನವರು ಕಣ್ಣು ಮುಚ್ಚಿದ್ದರು. ಎರಡೂವರೆ ತಾಸು ಬಹಳ ದೊಡ್ಡದು. ಇಬ್ಬರು ಕೂತರೆ ಎಷ್ಟೋ ಮಾತಾಡಬಹುದು.

ಮರಳಿದ ಮೇಲೆ ಹೊಸದುರ್ಗಕ್ಕೆ ಹೋಗಿ, ಅವರೆಕಾಯಿ ಸುಲಿಯುತ್ತಿದ್ದ ಅಕ್ಕನನ್ನು ಕೇಳಿದೆ:

"ಅವತ್ತು ಅಷ್ಟು ಹೊತ್ತಿನಾಗೆ ಅತ್ತೆ ನನ್ನ ಸುದ್ದಿ ಒಂದ್ಸಲನಾದ್ರೂ ಎತ್ತಿದ್ರೇನೇ?"